ಏದುಸಿರಿನ ನೋಟ

ಈ ಸಾಲನ್ನು ಓದುತ್ತಿರುವ ನಿಮ್ಮ ಕಣ್ಣು ಅಕ್ಷರಗಳ ಮೇಲೆ ನಯವಾಗಿ ಹರಿಯುತ್ತಿದೆ ಎಂದು ನಿಮಗೆ ಅನ್ನಿಸುತ್ತಿರಬಹುದು. ಅದು ಹರಿಯುತ್ತಿಲ್ಲ, ಕುಪ್ಪಳಿಸುತ್ತಿದೆ. ಒಂದು ಪದದ ಮೇಲೆ ಕಾಲು ಸೆಕೆಂಡಿನಷ್ಟು ಕೂತು, ಮುಂದಕ್ಕೆ ಹಾರಿ, ಮತ್ತೆ ಕೂರುತ್ತದೆ. ಎಚ್ಚರವಾಗಿರುವಷ್ಟು ಹೊತ್ತೂ ಸೆಕೆಂಡಿಗೆ ಮೂರು ನಾಲ್ಕು ಸಲ ಅದಕ್ಕೆ ಇದೇ ಕೆಲಸ. ಅಕ್ಷಿಪಟಲದಲ್ಲಿ ನಿಚ್ಚಳವಾಗಿ ಕಾಣಬಲ್ಲ ಜಾಗ ತೀರ ಚಿಕ್ಕದು. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದು ಎಷ್ಟು ಅಗಲ ಮರೆಮಾಡುತ್ತದೋ ಹೆಚ್ಚುಕಡಿಮೆ ಅಷ್ಟೇ. ಉಳಿದದ್ದೆಲ್ಲ ಮಸುಕು. ಆ ಪುಟ್ಟ ಜಾಗವನ್ನೇ ಅತ್ತಲೂ ಇತ್ತಲೂ ತಿರುಗಿಸಿ, ಸಿಕ್ಕ ತುಣುಕುಗಳನ್ನೆಲ್ಲ ಹೊಂದಿಸಿ, ಇಗೋ ಇಡೀ ಪುಟ ಎಂದು ಮಿದುಳು ನಮ್ಮ ಮುಂದೆ ಇಡುತ್ತದೆ.

ಹಾರುವ ಆ ಗಳಿಗೆಯಲ್ಲಿ ನಾವು ಬಹುಮಟ್ಟಿಗೆ ಕುರುಡರು. ನಂಬಿಕೆಯಾಗದಿದ್ದರೆ ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ಕಣ್ಣು ಕದಲಿದ್ದು ನಿಮಗೆ ಎಂದಿಗೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಕಣ್ಣು ಮಾಡುವ ಕೆಲಸವನ್ನು ನಮ್ಮಿಂದಲೇ ಮುಚ್ಚಿಡುವ ಏರ್ಪಾಡು ತಲೆಯೊಳಗಿದೆ. ಈ ನೆಗೆತಕ್ಕೆ ವಿಜ್ಞಾನಿಗಳು ಸ್ಯಾಕೇಡ್ ಎನ್ನುತ್ತಾರೆ. ಮನುಷ್ಯನ ಮೈ ಮಾಡಬಲ್ಲ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ದೊಡ್ಡ ನೆಗೆತದಲ್ಲಿ ಕಣ್ಣುಗುಡ್ಡೆ ಸೆಕೆಂಡಿಗೆ 500 ಡಿಗ್ರಿಗೂ ಮೀರಿದ ವೇಗದಲ್ಲಿ ತಿರುಗುತ್ತದೆ.

ಈ ನೆಗೆತ ದಣಿಯುತ್ತದೆಯೇ? 2016ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಷಾರ್ಲಟ್ ಕಾನೆಲ್, ನಿಕೊಲಸ್ ಗ್ಯಾಂಟ್ ಮತ್ತು ಅವರ ಸಂಗಡಿಗರು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. 11 ಮಂದಿ ಸೈಕಲ್ ಸವಾರರನ್ನು ಕೂಡಿಸಿಕೊಂಡು, ಮುಂದೆ ಹೋಗದ ವ್ಯಾಯಾಮದ ಸೈಕಲ್ ಮೇಲೆ 180 ನಿಮಿಷ ತುಳಿಸಿದರು. ಮೂರು ಗಂಟೆ ಪೆಡಲ್ ತುಳಿದರೆ ತೊಡೆ ಸೋಲುತ್ತದೆ, ಅದರಲ್ಲಿ ಹೊಸದೇನಿಲ್ಲ. ಇವರು ಅಳೆದದ್ದು ಕಣ್ಣನ್ನು. ಅತಿಗೆಂಪು ಬೆಳಕಿನ ಉಪಕರಣದಿಂದ ಕಣ್ಣಿನ ನೆಗೆತವನ್ನು ಹಿಡಿದು ನೋಡಿದಾಗ ಅದರ ವೇಗ 8% ಇಳಿದಿತ್ತು.

ಎಂಟು ಎನ್ನುವುದು ದೊಡ್ಡ ಸಂಖ್ಯೆಯೇನಲ್ಲ. ಆದರೂ ನಾನು ಇದನ್ನು ಓದಿದ ಮೇಲೆ ಬಹಳ ಹೊತ್ತು ಅಲ್ಲೇ ನಿಂತೆ. ಆ ಮೂರು ಗಂಟೆ ಕಣ್ಣು ಮಾಡಿದ್ದಾದರೂ ಏನು? ಅದು ಪೆಡಲ್ ತುಳಿಯಲಿಲ್ಲ, ಭಾರ ಎತ್ತಲಿಲ್ಲ. ಎದುರಿಗೆ ತಿರುವು ಗುಂಡಿಗಳ ರಸ್ತೆಯೂ ಇರಲಿಲ್ಲ. ಒಂದೊಂದು ಕಣ್ಣುಗುಡ್ಡೆಯನ್ನು ತಿರುಗಿಸುವ ಆರಾರು ಸ್ನಾಯುಗಳು ಮೈಯಲ್ಲಿರುವ ಸ್ನಾಯುಗಳಲ್ಲೆಲ್ಲ ಸುಲಭಕ್ಕೆ ಸೋಲದ ಜಾತಿಯವು. ಬೆಳಗಿನಿಂದ ರಾತ್ರಿಯವರೆಗೆ ನೆಗೆಯುವ ಹಣೆಬರಹ ಇರುವುದರಿಂದ ಹಾಗೆಯೇ ತಯಾರಾಗಿವೆ. ತುಳಿದದ್ದು ಕಾಲು, ತಡವಾದದ್ದು ಕಣ್ಣು. ಹಾಗಿದ್ದ ಮೇಲೆ ಸೋತದ್ದು ಎರಡಕ್ಕೂ ಮೇಲಿರುವ ಒಂದು ಕಡೆ, ಅಪ್ಪಣೆ ಹೊರಡುವ ಕಡೆ. ಶರೀರಶಾಸ್ತ್ರದವರು ಇದನ್ನು ಕೇಂದ್ರ ದಣಿವು ಎನ್ನುತ್ತಾರೆ. ಸ್ನಾಯುವಿನಲ್ಲಿ ಇನ್ನೂ ಕಸುವಿದ್ದರೂ ಅದನ್ನು ದುಡಿಸುವ ಮಿದುಳಿನ ಒತ್ತಾಯ ಸಡಿಲವಾಗುವುದು ಅದರ ಲಕ್ಷಣ.

ಪ್ರಯೋಗದ ಇನ್ನೊಂದು ಅರ್ಧದಲ್ಲಿ ಕೆಫೀನ್ ಇತ್ತು. ಅದೇ ಸವಾರರು ಬೇರೊಂದು ದಿನ ಅಷ್ಟೇ ಹೊತ್ತು ತುಳಿದರು. ಯಾವ ದಿನದ ಪಾನೀಯದಲ್ಲಿ ಕೆಫೀನ್ ಇದೆ, ಯಾವುದರಲ್ಲಿ ಇಲ್ಲ ಎಂಬುದು ಕುಡಿದವರಿಗೂ ಗೊತ್ತಿಲ್ಲ, ಅಳೆದವರಿಗೂ ಗೊತ್ತಿಲ್ಲ. ಎರಡು ಲೋಟ ಕಾಫಿಯ ಆಸುಪಾಸಿನ ಆ ಪ್ರಮಾಣ ಹೊಟ್ಟೆ ಸೇರಿದ ದಿನ ಕಣ್ಣಿನ ನೆಗೆತ ಇಳಿಯುವುದಿರಲಿ, ವ್ಯಾಯಾಮದ ನಂತರ 11% ಏರಿತ್ತು. ಎಚ್ಚರವಿದ್ದಷ್ಟೂ, ದುಡಿದಷ್ಟೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ; ‘ಸಾಕು, ನಿಲ್ಲಿಸು’ ಎನ್ನುವ ಸಂದೇಶ ಅದರದು. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತದೆ. ಆಗ ಡೋಪಮೀನ್, ನಾರ್‌ಅಡ್ರಿನಲಿನ್ ಮುಂತಾದ ಚುರುಕಿನ ರಾಸಾಯನಿಕಗಳ ಕೆಲಸ ಮತ್ತೆ ಸಾಗುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ತಲುಪುವುದಿಲ್ಲ. ಫಿಲ್ಟರ್ ಕಾಫಿಯ ಭಕ್ತರು ಈ ವ್ಯತ್ಯಾಸವನ್ನು ಒಮ್ಮೆ ಗಮನಿಸಬೇಕು ಎಂದು ಹೇಳುವ ಆಸೆ, ಆದರೆ ನಾನೂ ಆ ಪಂಗಡದವನೇ.

ಸುದ್ದಿಮನೆಗಳು ಇಂಥ ಪ್ರಯೋಗಗಳಿಗೆ ‘ಕಠಿಣ ವ್ಯಾಯಾಮದಿಂದ ದೃಷ್ಟಿ ಮಂದ’ ಎಂಬ ಧಾಟಿಯ ತಲೆಬರಹ ಕೊಡುತ್ತವೆ. ಪ್ರಬಂಧದೊಳಗೆ ಹೋದರೆ ಇನ್ನೊಂದು ಸಂಗತಿ ಇದೆ, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ ಸವಾರರಿಗೆ ಇನ್ನೊಂದು ಪರೀಕ್ಷೆಯನ್ನೂ ಕೊಟ್ಟಿದ್ದರು. ತೆರೆಯ ಮೇಲೆ ಚದುರಿ ಓಡಾಡುವ ಚುಕ್ಕೆಗಳು ಒಟ್ಟಾರೆ ಯಾವ ಕಡೆಗೆ ಸಾಗುತ್ತಿವೆ ಎಂದು ಹೇಳುವ ಪರೀಕ್ಷೆ. ಅದರಲ್ಲಿ ಮೂರು ಗಂಟೆಯ ತುಳಿತ ಯಾವ ಏರುಪೇರನ್ನೂ ಮಾಡಲಿಲ್ಲ. ಎದುರಿಗೆ ಬಂದದ್ದನ್ನು ಗ್ರಹಿಸುವ ಶಕ್ತಿ ಇದ್ದ ಹಾಗೇ ಇತ್ತು. ಕುಂದಿದ್ದು ನೋಡಲು ಹೊರಡುವ ಚುರುಕು. ಕಂಡದ್ದನ್ನು ಅರಿಯುವುದು ಒಂದು, ಕಾಣಲೆಂದು ಹೋಗುವುದು ಇನ್ನೊಂದು. ದಣಿವು ಇವೆರಡರ ನಡುವೆ ಗೆರೆ ಎಳೆದು ತೋರಿಸಿತು.

ದಣಿದಾಗ ಕಣ್ಣಿಗೆ ಆಗುವ ಬೇರೆ ತೊಂದರೆಗಳನ್ನು ಇದರ ಜೊತೆ ಬೆರೆಸಬಾರದು. ಓಟದ ಗೆರೆ ದಾಟಿದ ಕೂಡಲೇ ಗಕ್ಕನೆ ನಿಂತವನಿಗೆ ಕಣ್ಣು ಕತ್ತಲೆ ಕಟ್ಟುವುದುಂಟು. ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದನ್ನು ನಿಲ್ಲಿಸಿದ್ದರಿಂದ ಒತ್ತಡ ಇಳಿದಿರುತ್ತದೆ, ಅಷ್ಟೇ. ನೂರು ಮೈಲಿಯ ಬೆಟ್ಟದ ಓಟಗಳಲ್ಲಿ ಕೆಲವರಿಗೆ ಜಗತ್ತೆಲ್ಲ ಹಾಲಿನ ಗಾಜಿನ ಆಚೆ ಇದ್ದಂತೆ ಕಾಣತೊಡಗುತ್ತದೆ. ಅದು ಕಾರ್ನಿಯಾ ನೀರು ಕುಡಿದು ಊದಿಕೊಂಡದ್ದರ ಫಲವೆಂದು ವೈದ್ಯರ ಗುಮಾನಿ, ಕೆಲವು ಗಂಟೆಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಇವು ಕಣ್ಣಿನ ಮತ್ತು ರಕ್ತನಾಳದ ಕತೆಗಳು. ನಾನು ಕೇಳಹೊರಟಿರುವುದು ಅದಕ್ಕಿಂತ ಒಳಗಿನ ಮಾತು: ಮೈ ಕುದಿಯುತ್ತಿರುವಾಗ ನೋಡುತ್ತಿರುವವರು ಯಾರು? ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ ಅದೇ ವ್ಯಕ್ತಿಯೇ?

ಇಲಿಯೊಂದು ಇದಕ್ಕೆ ಉತ್ತರದ ಮೊದಲ ಭಾಗವನ್ನು ಕೊಟ್ಟಿತು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೊಫರ್ ನೀಲ್ ಮತ್ತು ಮೈಕೆಲ್ ಸ್ಟ್ರೈಕರ್ ಒಂದು ಥರ್ಮೊಕೋಲಿನಂಥ ಹಗುರ ಚೆಂಡನ್ನು ಗಾಳಿಯ ಒತ್ತಡದ ಮೇಲೆ ತೇಲಿಸಿ, ಅದರ ಮೇಲೆ ಇಲಿಯನ್ನು ನಿಲ್ಲಿಸಿದರು. ಇಲಿಯ ತಲೆ ಕದಲುವಂತಿಲ್ಲ, ಕಾಲು ಮಾತ್ರ ಸ್ವತಂತ್ರ. ಮನಸ್ಸು ಬಂದಾಗ ಅದು ಓಡುತ್ತದೆ, ಕಾಲಡಿಯ ಚೆಂಡು ಉರುಳುತ್ತದೆ, ಬೇಡವೆನಿಸಿದಾಗ ನಿಲ್ಲುತ್ತದೆ. ಎದುರಿನ ತೆರೆಯ ಮೇಲೆ ಗೆರೆಗಳ ಚಿತ್ರ. ಅದೇ ಚಿತ್ರ, ಅದೇ ಕಣ್ಣು, ಅದೇ ನರಕೋಶ. ಇಲಿ ಓಡತೊಡಗಿದೊಡನೆ ದೃಷ್ಟಿಗೆ ಮೀಸಲಾದ ಮಿದುಳಿನ ಹೊರಪದರದ ನರಕೋಶಗಳ ಪ್ರತಿಕ್ರಿಯೆ ಎರಡು ಪಟ್ಟಿಗೂ ಮೀರಿ ಏರಿತು. ಯಾವ ಓರೆಯ ಗೆರೆಗೆ ಯಾವ ಕೋಶ ಓಗೊಡುತ್ತದೆ ಎಂಬ ಹಂಚಿಕೆ ಬದಲಾಗಲಿಲ್ಲ. ರೇಡಿಯೋದಲ್ಲಿ ಸ್ಟೇಷನ್ ಅದೇ ಇದ್ದು ದನಿ ಮಾತ್ರ ದೊಡ್ಡದಾದ ಹಾಗೆ. ಕಣ್ಣಿನಿಂದ ಬರುವ ಸುದ್ದಿ ಹೊರಪದರಕ್ಕೆ ಮುಟ್ಟುವ ಮುಂಚಿನ ತಂಗುದಾಣದಲ್ಲಿ ಇಂಥ ಏರಿಕೆ ಕಾಣಲಿಲ್ಲ. ಅಂದರೆ ಹೆಚ್ಚು ಬೆಳಕು ಒಳಗೆ ಬಂದದ್ದಲ್ಲ, ಬಂದದ್ದಕ್ಕೆ ಮಿದುಳು ಹೆಚ್ಚು ಬೆಲೆ ಕೊಟ್ಟದ್ದು.

ನರವಿಜ್ಞಾನದ ಪ್ರಯೋಗಗಳಲ್ಲಿ ಬಹುಕಾಲ ಪ್ರಾಣಿಗೆ ಅರಿವಳಿಕೆ ಕೊಟ್ಟು, ಅಲುಗದಂತೆ ಮಲಗಿಸಿ, ಕಣ್ಣ ಮುಂದೆ ಚಿತ್ರ ಹಿಡಿದು ದೃಷ್ಟಿಯನ್ನು ಅಭ್ಯಾಸ ಮಾಡುತ್ತಿದ್ದರು. ಅಪಾರ ತಿಳಿವಳಿಕೆ ಅದರಿಂದಲೇ ಬಂತು. ಆದರೆ ಮಲಗಿದ ಪ್ರಾಣಿ ಕಾಣುವುದೇ ಕಾಣುವಿಕೆಯ ಮೂಲಸ್ಥಿತಿ, ಓಡಾಟ ಅದಕ್ಕೆ ಅಂಟಿದ ಗದ್ದಲ ಎಂಬ ಒಂದು ಊಹೆಯೂ ಅದರೊಳಗೆ ಸದ್ದಿಲ್ಲದೆ ಬಂದು ಕೂತಿತ್ತು. ಚೆಂಡಿನ ಮೇಲಿನ ಇಲಿ ಆ ಊಹೆಯನ್ನು ತಿರುವಿಹಾಕಿತು. ಕಣ್ಣು ಹುಟ್ಟಿದ್ದೇ ಕಾಲಿಗೋಸ್ಕರ ಇರಬೇಕು. ಬೇರು ಬಿಟ್ಟು ನಿಂತ ಮರಕ್ಕೆ ಬೆಳಕು ಗೊತ್ತು, ನೋಟ ಬೇಕಾಗಲಿಲ್ಲ.

ಇಲಿಯ ಲೆಕ್ಕವನ್ನು ಹಾಗೇ ಎತ್ತಿ ಮನುಷ್ಯನಿಗೆ ಹಚ್ಚುವಂತಿಲ್ಲ. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯನ್ನು ಇದೇ ರೀತಿ ಓಡಿಸಿ ನೋಡಿದವರಿಗೆ ಇಲಿಯಲ್ಲಿ ಕಂಡಂಥ ದೊಡ್ಡ ಏರಿಕೆ ಸಿಗಲಿಲ್ಲ. ನಮ್ಮಂಥ ವಾನರ ವಂಶದಲ್ಲಿ ನೋಟದ ನಡುಭಾಗಕ್ಕೆ ಒಂದು ನ್ಯಾಯ, ಅಂಚಿಗೆ ಇನ್ನೊಂದು ನ್ಯಾಯ ಇರುವಂತಿದೆ. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಲಿಯು ಕಾವ್ ಮತ್ತು ಬಾರ್ಬರಾ ಹೆಂಡೆಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡೆಯುವ ಮನುಷ್ಯನಲ್ಲಿ ಚುರುಕಾಗುವುದು ನೋಟದ ಅಂಚು. ಪಕ್ಕದಿಂದ ಬರುವ ನಾಯಿ, ಕಾಲಿಗೆ ತೊಡರುವ ಬೇರು, ತಲೆಗೆ ತಾಗಬಹುದಾದ ಕೊಂಬೆ ಎಲ್ಲವೂ ಅಂಚಿನಲ್ಲೇ ಮೊದಲು ಸುಳಿಯುವುದರಿಂದ ಇದು ಯುಕ್ತವೇ.

ಇದೆಲ್ಲ ಹದವಾದ ನಡಿಗೆಯ ಮಾತಾಯಿತು. ಹದ ಮೀರಿದರೆ? ಸಾಂಟಾ ಬಾರ್ಬರಾದ ಟಾಮ್ ಬುಲಕ್, ಬ್ಯಾರಿ ಗೀಸ್‌ಬ್ರೆಕ್ಟ್ ಮೊದಲಾದವರು 2017ರಲ್ಲಿ 18 ಮಂದಿಯ ತಲೆಗೆ ಇಇಜಿ ತಂತಿ ಅಂಟಿಸಿ, ಸೈಕಲ್ ಮೇಲೆ ಕೂರಿಸಿ, ಮಿನುಗುವ ಗೆರೆಗಳ ವೃತ್ತವೊಂದನ್ನು ನೋಡಿಸಿದರು. ಒಮ್ಮೆ ಸುಮ್ಮನೆ ಕೂತು, ಒಮ್ಮೆ ಮೆಲ್ಲಗೆ ತುಳಿಯುತ್ತ, ಒಮ್ಮೆ ಬಿರುಸಾಗಿ ತುಳಿಯುತ್ತ. ಗೆರೆಯ ಓರೆಯನ್ನು ಮಿದುಳು ಎಷ್ಟು ಖಚಿತವಾಗಿ ಗುರುತಿಸುತ್ತಿದೆ ಎಂದು ಲೆಕ್ಕ ಹಾಕಿದಾಗ, ಎಲ್ಲಕ್ಕಿಂತ ಎತ್ತರದಲ್ಲಿ ಇದ್ದದ್ದು ಮೆಲ್ಲಗೆ ತುಳಿದ ಹೊತ್ತಿನದು. ಕೂತಾಗಲೂ ಅಷ್ಟಿಲ್ಲ, ಬಿರುಸಿನಲ್ಲೂ ಅಷ್ಟಿಲ್ಲ. ಏರಿ, ಶಿಖರ ಮುಟ್ಟಿ, ಇಳಿಯುವ ಗೆರೆ.

ಇಳಿಯುವುದಕ್ಕೆ ಕಾರಣಗಳು ಹಲವಿರಬಹುದು. ಮೈ ಮಿತಿಯ ಹತ್ತಿರ ಹೋದಾಗ ಉಸಿರು ಜೋರಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಹೃದಯ ಎಂದಿಗಿಂತ ನಾಲ್ಕೈದು ಪಟ್ಟು ರಕ್ತ ತಳ್ಳುತ್ತಿರುವ ಹೊತ್ತಿನಲ್ಲೇ, ಮಧ್ಯಮ ಶ್ರಮದಲ್ಲಿ ಏರಿದ್ದ ಮಿದುಳಿನ ಪಾಲು ಕೆಳಗಿಳಿಯತೊಡಗುತ್ತದೆ. ಸ್ನಾಯುಗಳು ಮೊದಲ ಪಂಕ್ತಿಗೆ ಕೂತುಬಿಟ್ಟಿರುತ್ತವೆ.

ಈ ಇಳಿಜಾರಿನ ಮೇಲೆಯೇ ನಿಂತು ಗುರಿ ಹೊಡೆಯಬೇಕಾದ ಆಟವೊಂದಿದೆ. ಹಿಮದ ನಾಡುಗಳ ಬಯಾಥ್ಲಾನ್. ಬೆನ್ನಿಗೆ ಮೂರೂವರೆ ಕಿಲೋಗೆ ಕಡಿಮೆಯಿಲ್ಲದ ಬಂದೂಕು ಕಟ್ಟಿಕೊಂಡು, ಹಿಮಜಾರು ಹಲಗೆಗಳ ಮೇಲೆ ಏರುಜಾರುಗಳನ್ನು ದಾಟಿ ಬರುವ ಆಟಗಾರ ಬಂದವನೇ ಒಮ್ಮೆ ಮಲಗಿ, ಒಮ್ಮೆ ನಿಂತು ಐದೈದು ಗುಂಡು ಹೊಡೆಯಬೇಕು. ಗುರಿ 50 ಮೀಟರ್ ದೂರ. ನಿಂತು ಹೊಡೆಯುವಾಗ ಗುರಿಯ ಅಗಲ 115 ಮಿಲಿಮೀಟರ್, ಮಲಗಿ ಹೊಡೆಯುವಾಗ ಬರೇ 45. ತಪ್ಪಿದ ಒಂದೊಂದು ಗುಂಡಿಗೂ ಹಲವು ಸ್ಪರ್ಧೆಗಳಲ್ಲಿ 150 ಮೀಟರಿನ ದಂಡದ ಸುತ್ತು ಹಾಕಬೇಕು. ಎದೆ ನಿಮಿಷಕ್ಕೆ ನೂರೈವತ್ತಕ್ಕೂ ಮೇಲೆ ಬಡಿಯುತ್ತಿದೆ, ಪ್ರತಿ ಬಡಿತಕ್ಕೂ ಬಂದೂಕಿನ ಮೂತಿ ಅದುರುತ್ತಿದೆ, ಉಸಿರಿನೊಡನೆ ಇಡೀ ಗುರಿ ಮೇಲೆ ಕೆಳಗೆ ತೂಗುತ್ತಿದೆ. ಕಾದು ನಿಂತು ಎದೆ ಇಳಿಯಲಿ ಎಂದರೆ ಓಟದಲ್ಲಿ ಹಿಂದೆ ಬೀಳುತ್ತಾನೆ, ಕಾಯದೆ ಹೊಡೆದರೆ ದಂಡ ಸುತ್ತುತ್ತಾನೆ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಇಂಥ ಆಟಗಾರರ ಕಣ್ಣಿನ ಬೆನ್ನು ಹತ್ತಿದವರು. ಬಂದೂಕಿನ ಕುದುರೆ ಒತ್ತುವ ಮುನ್ನ ನೋಟ ಒಂದೇ ಬಿಂದುವಿನ ಮೇಲೆ ಎಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ ಎಂಬುದನ್ನು ಅವರು ಅಳೆದರು. ಮಾರ್ಕ್ ವಿಲಿಯಮ್ಸ್ ಜೊತೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಯಾಥ್ಲಾನ್ ಗುರಿಕಾರರನ್ನು ಸೈಕಲ್ ಮೇಲೆ ಶಕ್ತಿ ಮೀರುವತನಕ ತುಳಿಸಿ, ಮನಸ್ಸಿನ ಮೇಲೂ ಒತ್ತಡ ಹೇರಿ ಗುಂಡು ಹೊಡೆಸಿದರು. ಹೆಚ್ಚಿನವರ ಗುರಿ ಕುಸಿಯಿತು. ಕುಸಿಯದೆ ಉಳಿದವರು, ಒತ್ತಡ ಏರಿದಾಗ ಗುರಿಯ ಮೇಲಿನ ಆ ನಿಶ್ಚಲ ನೋಟವನ್ನು ಇನ್ನಷ್ಟು ಉದ್ದ ಮಾಡಿಕೊಂಡವರು. ಆಕ್ಲೆಂಡಿನ ಸವಾರರ ಕಣ್ಣು ಹೊರಡಲು ಮೈಗಳ್ಳತನ ಮಾಡಿದರೆ, ಇಲ್ಲಿ ಕಣ್ಣಿನ ಕೆಲಸವೇ ಹೋದಲ್ಲಿಂದ ಕದಲದಿರುವುದು. ಹೊರಡುವುದೂ ದುಡಿಮೆ, ನಿಲ್ಲುವುದೂ ದುಡಿಮೆ. ಕಲಿತರೆ ಎರಡನೆಯದನ್ನು ಏದುಸಿರಿನ ನಡುವೆಯೂ ಉಳಿಸಿಕೊಳ್ಳಬಹುದು ಎಂಬುದು ನನಗೆ ಯಾವ ಯೋಗದ ಉಪನ್ಯಾಸಕ್ಕಿಂತಲೂ ಹೆಚ್ಚು ನಂಬಿಕೆ ಹುಟ್ಟಿಸಿದ ಸಂಗತಿ.

ಇಷ್ಟರವರೆಗೆ ಎಷ್ಟು ಕಾಣುತ್ತದೆ ಎಂಬ ಪ್ರಶ್ನೆ. ಏನು ಕಾಣುತ್ತದೆ ಎಂಬುದು ಇನ್ನೂ ಕಷ್ಟದ್ದು. ವರ್ಜೀನಿಯಾ ವಿಶ್ವವಿದ್ಯಾಲಯದ ಡೆನಿಸ್ ಪ್ರಾಫಿಟ್ 1995ರಲ್ಲಿ ಜನರನ್ನು ದಿಬ್ಬಗಳ ಬುಡದಲ್ಲಿ ನಿಲ್ಲಿಸಿ, ಇದು ಎಷ್ಟು ಕಡಿದಾಗಿದೆ ಎಂದು ಕೇಳಿದರು. 5 ಡಿಗ್ರಿಯ ಏರನ್ನು ಜನ 20 ಡಿಗ್ರಿಯ ಸುಮಾರು ಎಂದರು. ಬೆಟ್ಟವನ್ನು ಇದ್ದದ್ದಕ್ಕಿಂತ ಕಡಿದಾಗಿ ಕಾಣುವುದು ಎಲ್ಲರ ಪಾಡು. ದೂರ ಓಡಿ ಸುಸ್ತಾಗಿ ಬಂದವರಿಗೆ ಅದೇ ದಿಬ್ಬ ಇನ್ನೂ ಕಡಿದಾಗಿ ಕಂಡಿತು. ಬಾಯಲ್ಲಿ ಹೇಳುವ ಬದಲು, ಕಣ್ಣಿಗೆ ಕಾಣದಂತೆ ಇಟ್ಟ ಹಲಗೆಯೊಂದನ್ನು ಅಂಗೈಯಿಂದ ಒತ್ತಿ, ದಿಬ್ಬದಷ್ಟೇ ಓರೆಗೆ ತಿರುಗಿಸಿ ಎಂದಾಗ ಅಂಗೈ ಬಹಳ ಮಟ್ಟಿಗೆ ಸರಿಯಾಗಿಯೇ ತಿರುಗಿಸಿತು. ದಣಿವು ಅದರ ಅಂದಾಜನ್ನು ಕೆಡಿಸಲಿಲ್ಲ. ಕಣ್ಣಿನ ಸಾಕ್ಷಿ ಒಂದು, ಕೈಯ ಸಾಕ್ಷಿ ಬೇರೊಂದು. ಪ್ರಾಫಿಟ್ ಹೇಳಿದ್ದಿಷ್ಟು: ಬೆಟ್ಟವನ್ನು ನಾವು ಡಿಗ್ರಿಗಳಲ್ಲಿ ನೋಡುವುದಿಲ್ಲ, ಅದನ್ನು ಹತ್ತಲು ಆಗುವ ಖರ್ಚಿನಲ್ಲಿ ನೋಡುತ್ತೇವೆ.

ಕೇಳಲು ಸೊಗಸಾದ ಮಾತು. ಸೊಗಸಾಗಿರುವುದರಿಂದಲೇ ಅನುಮಾನವನ್ನೂ ಇಟ್ಟುಕೊಳ್ಳಬೇಕು. ಸ್ವಾರ್ತ್‌ಮೋರ್ ಕಾಲೇಜಿನ ಫ್ರಾಂಕ್ ಡರ್ಗಿನ್ ಇದೇ ಬಗೆಯ ಇನ್ನೊಂದು ಪ್ರಯೋಗವನ್ನು, ಬೆನ್ನಿಗೆ ಭಾರದ ಚೀಲ ಹೇರಿ ದಿಬ್ಬ ನೋಡಿಸುವುದನ್ನು, 2009ರಲ್ಲಿ ಒರೆಗೆ ಹಚ್ಚಿದರು. ಚೀಲ ಯಾಕೆ ಹೊರಿಸಿದ್ದಾರೆ ಎಂದು ಹೊತ್ತವರು ಊಹಿಸಿಕೊಂಡು, ಪ್ರಯೋಗ ಮಾಡುವವರಿಗೆ ಬೇಕಾದ ಉತ್ತರ ಕೊಡುತ್ತಿರಬಹುದು ಎಂಬುದು ಅವರ ಶಂಕೆ. ಚೀಲದೊಳಗಿರುವುದು ಸ್ನಾಯು ಅಳೆಯುವ ಯಂತ್ರ ಎಂದು ನಂಬಿಸಿದಾಗ ದಿಬ್ಬ ಕಡಿದಾಗಲಿಲ್ಲ. ಈ ಜಗಳ ಇನ್ನೂ ಮುಗಿದಿಲ್ಲ. ಬೆಟ್ಟ ಹಾಗೆ ಕಂಡಿತೋ, ಹಾಗೆಂದು ಹೇಳಬೇಕೆನ್ನಿಸಿತೋ? ಒಬ್ಬ ಮನುಷ್ಯ ತನ್ನೊಳಗೇ ಇವೆರಡನ್ನು ಬೇರೆ ಮಾಡಿ ನೋಡಬಲ್ಲನೇ ಎಂಬುದೇ ನನ್ನ ಸಂದೇಹ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದರ ರುಚಿ ಗೊತ್ತಿರುತ್ತದೆ. ಸಾವಿರ ಚಿಲ್ಲರೆ ಮೆಟ್ಟಿಲು. ಹರಕೆ ಹೊತ್ತ ಹೆಂಗಸರು ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ನಿಧಾನವಾಗಿ ಹತ್ತುವ ದಿನ ನನಗೆ ಆ ಹೆಂಗಸರ ಮುಖ, ಮರದ ಮೇಲಿನ ಕೋತಿ, ನೀರಿನ ಬಾಟಲಿ ಮಾರುವ ಹುಡುಗ ಎಲ್ಲರೂ ಕಾಣುತ್ತಾರೆ. ಹಟಕ್ಕೆ ಬಿದ್ದು ಬಿರಬಿರನೆ ಹತ್ತಿದ ದಿನ ಕಾಣುವುದು ಮುಂದಿನ ಎರಡು ಕಲ್ಲಿನ ಅಂಚು, ಅದರ ಮೇಲಿನ ಕುಂಕುಮದ ಬೆರಳುಗುರುತು. ಆ ಗುರುತು ಮಾತ್ರ ಅಸಾಧ್ಯ ಸ್ಪಷ್ಟ. ಬೆರಳು ಎಲ್ಲಿ ಒತ್ತಿತು, ಎಲ್ಲಿ ಜಾರಿತು ಎಂಬುದೂ ತಿಳಿಯುತ್ತದೆ. ಪಕ್ಕದಲ್ಲಿ ಪರಿಚಯದವರು ಇಳಿದುಹೋದರೂ ಅರಿವಿಗೆ ಬರುವುದಿಲ್ಲ. 700ನೇ ಮೆಟ್ಟಿಲ ಸುಮಾರಿಗೆ 1659ರ ಕಾಲದ ನಂದಿ ಎದುರಾಗುತ್ತಾನೆ. ಅಲ್ಲಿ ಕಟ್ಟೆಗೆ ಒರಗಿ ಉಸಿರು ಇಳಿಯುವವರೆಗೆ ಕೂತರೆ ಲೋಕ ಕಂತುಕಂತಾಗಿ ವಾಪಸಾಗುತ್ತದೆ: ಮೊದಲು ನಂದಿಯ ಕೊರಳ ಗಂಟೆ, ಆಮೇಲೆ ಸುತ್ತಲ ಜನ, ಕಡೆಗೆ ಎಲ್ಲೋ ಕೆಳಗೆ ಲಲಿತ ಮಹಲಿನ ಬಿಳುಪು. 1959ರಲ್ಲೇ ಈಸ್ಟರ್‌ಬ್ರುಕ್ ಎಂಬ ಮನಶ್ಶಾಸ್ತ್ರಜ್ಞ ಉದ್ವೇಗ ಏರಿದಂತೆ ನಾವು ಗಮನಿಸುವ ಸುಳಿವುಗಳ ವ್ಯಾಪ್ತಿ ಕಿರಿದಾಗುತ್ತದೆ ಎಂದು ಬರೆದಿದ್ದ. ಕಿರಿದಾಗುವುದೆಂದರೆ ಬರೀ ನಷ್ಟವಲ್ಲ ಎಂದು ಆ ಕುಂಕುಮದ ಗುರುತು ಹೇಳುತ್ತದೆ. ನಿಧಾನವಾಗಿ ಹತ್ತಿದ ದಿನ ಅದನ್ನು ನಾನು ನೋಡಿಯೇ ಇರಲಿಲ್ಲ.

ನೋಟ ಹೊರಗೆ ಹೋಗುತ್ತದೋ, ಒಳಗೆ ಬರುತ್ತದೋ ಎಂಬ ವಾದ ನಮ್ಮಲ್ಲಿ ಹಳೆಯದು. ನ್ಯಾಯದರ್ಶನದವರು ಕಣ್ಣಿನಿಂದ ತೇಜಸ್ಸಿನ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದರು. ರಾತ್ರಿ ಅಲೆಯುವ ಪ್ರಾಣಿಗಳ ಕಣ್ಣು ಹೊಳೆಯುವುದಿಲ್ಲವೇ ಎಂದು ಪುರಾವೆಯನ್ನೂ ಕೊಟ್ಟರು. ಜೈನರು ಒಪ್ಪಲಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ, ಗಂಗರ ಕಾಲದ ಕನ್ನಡ ನಾಡಿನೊಡನೆ ಹೆಸರು ಕೂಡಿಕೊಂಡಿರುವ ಪೂಜ್ಯಪಾದರ ವಾದ ತಮಾಷೆಯಾಗಿಯೂ ಹರಿತವಾಗಿಯೂ ಇದೆ. ಚರ್ಮದ ಹಾಗೆ ಕಣ್ಣೂ ಮುಟ್ಟಿ ತಿಳಿಯುವುದಾದರೆ, ಅದಕ್ಕೇ ಅಂಟಿಕೊಂಡ ಕಾಡಿಗೆ ಅದಕ್ಕೆ ಕಾಣಬೇಕಿತ್ತಲ್ಲ? ಕಾಣುವುದಿಲ್ಲ. ಆದ್ದರಿಂದ ಕಣ್ಣು ಮುಟ್ಟದೆಯೇ ತಿಳಿಯುತ್ತದೆ. ಮೂಲಸೂತ್ರ ಇಲ್ಲಿ ಇನ್ನೊಂದು ಕೆಲಸ ಮಾಡಿದೆ. ಮುಟ್ಟದೆ ತಿಳಿಯುವವು ಎಂದು ಅದು ಎರಡನ್ನು ಒಟ್ಟಿಗೆ ಹೆಸರಿಸುತ್ತದೆ, ಕಣ್ಣು ಮತ್ತು ಮನಸ್ಸು. ಕಿವಿ, ಮೂಗು, ನಾಲಗೆ, ಚರ್ಮಗಳ ಪಂಕ್ತಿಯಿಂದ ಕಣ್ಣನ್ನು ಎಬ್ಬಿಸಿ ಮನಸ್ಸಿನ ಪಕ್ಕದಲ್ಲಿ ಕೂರಿಸಿದೆ.

ಹಿಂದಿನವರಿಗೆ ನರವಿಜ್ಞಾನ ತಿಳಿದಿತ್ತು ಎಂದು ಹೇಳುವ ಖಯಾಲಿ ನನಗಿಲ್ಲ. ಅವರಿಗೆ ತಿಳಿದಿರಲಿಲ್ಲ, ಅದರಿಂದ ಅವರ ವಾದದ ಚೂಪು ಕಡಿಮೆಯಾಗುವುದೂ ಇಲ್ಲ. ಬೆಳಕಿನ ವಿಚಾರದಲ್ಲಿ ನೈಯಾಯಿಕರು ಸೋತರು. ಕಣ್ಣಿನಿಂದ ಯಾವ ಕಿರಣವೂ ಹೊರಡುವುದಿಲ್ಲ. ಆದರೆ ನೋಟ ಎಂಬುದು ಹೊರಡುವ ಕೆಲಸ ಎಂಬ ಅವರ ಅಂದಾಜು ಪೂರಾ ಸುಳ್ಳೇ? ಆಕ್ಲೆಂಡಿನಲ್ಲಿ ಅಳೆದದ್ದು ಆ ಹೊರಡುವಿಕೆಯನ್ನೇ. ಬೆಳಕು ಎಂದಿನಂತೆ ಬರುತ್ತಲೇ ಇತ್ತು, ಚುಕ್ಕೆಗಳು ಎಂದಿನಂತೆ ತಿಳಿಯುತ್ತಲೇ ಇದ್ದವು, ಅವುಗಳ ಕಡೆಗೆ ಹೊರಡುವುದಷ್ಟೇ ಸೋತಿತ್ತು. ಒಮ್ಮೆಗೆ ಒಂದೇ ಇಂದ್ರಿಯದೊಡನೆ ಕೂಡಬಲ್ಲಷ್ಟು ಸಣ್ಣದು ಮನಸ್ಸು, ಅದಕ್ಕೇ ಎರಡು ಅರಿವು ಒಟ್ಟಿಗೆ ಹುಟ್ಟುವುದಿಲ್ಲ ಎಂದೂ ನೈಯಾಯಿಕರೇ ಹೇಳಿದ್ದರು. ಬಿರುಸಾಗಿ ಮೆಟ್ಟಿಲು ಹತ್ತುವವನು ಅದನ್ನು ಖಂಡಿಸಲಾರ.

ಕೂತು ನೋಡುವವನ ಲೋಕವೇ ನಿಜವಾದದ್ದು, ಓಡುವವನದು ಕಲಕಿದ್ದು, ದಣಿದವನದು ಕೆಟ್ಟದ್ದು ಎಂಬ ಶ್ರೇಣಿಯನ್ನು ಯಾರು ಕಟ್ಟಿದರು? ಕೂತು ಬರೆಯುವವರು. ಮೈ ದಂಡಿಸಿದಾಗ ಕಾಣುವ ಲೋಕಕ್ಕೆ ತತ್ತ್ವಶಾಸ್ತ್ರದಲ್ಲಿ ಮನ್ನಣೆ ಇಲ್ಲದಿರುವುದಕ್ಕೆ ಅಲ್ಲಿ ಮೈ ದಂಡಿಸಿದವರು ಕಡಿಮೆ ಎಂಬುದೂ ಒಂದು ಕಾರಣವಿದ್ದೀತು. ವಿಜ್ಞಾನದಲ್ಲೂ ಅದರ ನೆರಳಿದೆ. ನಾನು ಮೇಲೆ ಹೇಳಿದ ಪ್ರಯೋಗಗಳಲ್ಲಿ ಬೆವರು ಸುರಿಸಿದವರು ಆಟಗಾರರು, ವಿದ್ಯಾರ್ಥಿಗಳು, ಬೇಕೆಂದು ಸೈಕಲ್ ಏರಿದವರು. ಬೇಡವೆಂದರೆ ಇಳಿಯಬಹುದಾದವರು.

ಮೈಸೂರಿನ ಮಂಡಿಯೊಂದರಲ್ಲಿ ಹಮಾಲಿಗಳು ಲಾರಿಯಿಂದ ಅಕ್ಕಿ ಮೂಟೆ ಇಳಿಸುವುದನ್ನು ನಿಂತು ನೋಡಿದ್ದೇನೆ. ಲಾರಿಯ ಹಿಂಬದಿಯಿಂದ ನೆಲಕ್ಕೆ ಒಂದು ಹಲಗೆ, ಅಂಗೈ ಎರಡರಷ್ಟು ಅಗಲ, ನಡುವೆ ತುಸು ಬಾಗುತ್ತದೆ. ಮೇಲಿರುವವನು ಕೊಕ್ಕೆ ಹಾಕಿ ಮೂಟೆಯನ್ನು ಅಂಚಿಗೆ ಎಳೆಯುತ್ತಾನೆ. ಕೆಳಗಿನವನು ಬೆನ್ನು ಕೊಟ್ಟು, ಕುತ್ತಿಗೆ ಮುಂದೆ ಮಾಡಿ, ಗೋಣಿಯ ಎರಡು ಕಿವಿಗಳನ್ನು ಹಿಡಿದು ಇಳಿಯುತ್ತಾನೆ. 50 ಕಿಲೋ ಕುತ್ತಿಗೆಯ ಮೇಲೆ ಕೂತಿರುವಾಗ ತಲೆ ಎತ್ತಲು ಬರುವುದಿಲ್ಲ, ಕಾಣುವುದು ತನ್ನದೇ ಹೆಜ್ಜೆಯಿಂದ ಎರಡು ಮೊಳ ದೂರ. ಮಧ್ಯಾಹ್ನದ ಮೇಲೆ ಅವರ ಹೆಜ್ಜೆ ನಿಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹಲಗೆ ಬಾಗುವ ಲಯಕ್ಕೆ ಸರಿಯಾಗಿ ಅದೇ ಕುಲುಕು ನಡಿಗೆ. ಬಿಡುವಿನಲ್ಲಿ ಅವರಲ್ಲಿ ಹಿರಿಯರೊಬ್ಬರನ್ನು ಮಾತಿಗೆ ಎಳೆದೆ.

“ಯಜಮಾನ್ರೇ, ಸಾಯಂಕಾಲದ ಹೊತ್ತಿಗೆ ಕಣ್ಣು ಸೋಲಲ್ವಾ? ಹಲಗೆ ಹೆಂಗೆ ಕಾಣುತ್ತೆ?”

“ಕಣ್ಣಲ್ಲಿ ನೋಡ್ಕಂಡು ಇಳುದ್ರೆ ಬಿದ್ದೋಯ್ತೀವಿ ಸಾ. ಕಾಲೇ ನೋಡ್ಕಬೇಕು” ಎಂದರು. ಹೊಸ ಹುಡುಗರು ಹಲಗೆ ನೋಡುತ್ತಾರೆ, ಹೆದರುತ್ತಾರೆ, ಅದಕ್ಕೇ ಅವರಿಗೆ ಮೊದಲು ಸಣ್ಣ ಮೂಟೆ ಎಂದೂ ಸೇರಿಸಿದರು.

ಪ್ರಾಫಿಟ್ ಕಣ್ಣಿಗೆ ಮರೆಮಾಡಿ ಅಂಗೈ ಕೆಳಗೆ ಇಟ್ಟ ಹಲಗೆ ಇಲ್ಲಿ ಪಾದದ ಕೆಳಗಿತ್ತು. ಕಷ್ಟದ ಕೆಲಸ ಹಲಗೆಯ ಮೇಲೆ ಇರಲಿಲ್ಲ. ಸಂಜೆ ಮೂಟೆಯೆಲ್ಲ ಇಳಿದ ಮೇಲೆ ರಸ್ತೆ ದಾಟಿ ಬಸ್ಸು ಹಿಡಿಯಬೇಕು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಕಣ್ಣು ನೆಗೆಯಬೇಕಾದದ್ದು ಆಗ. ಅಲ್ಲಿ ಕಾಲಿಗೆ ಯಾವ ಹಲಗೆಯ ನೆನಪೂ ನೆರವಿಗೆ ಬರುವುದಿಲ್ಲ. ನಾಲ್ಕು ಗಂಟೆಗೆ ಸ್ಟೀಲ್ ಕ್ಯಾನಿನಲ್ಲಿ ಟೀ ಬಂತು. ಕಪ್ಪಾಗುವಷ್ಟು ಕುದಿಸಿದ, ಸಕ್ಕರೆ ಢಾಳಾಗಿ ಹಾಕಿದ ಟೀ. ಇದು ಮಂಡಿಯವರು ತರಿಸುವುದೋ ಎಂದು ಕೇಳಿದೆ. ಇಲ್ಲ, ಕೂಲಿ ಬಟವಾಡೆಯಾಗುವಾಗ ಎಲ್ಲರ ಪಾಲಿನಿಂದ ಹಿಡಿದುಕೊಳ್ಳುತ್ತಾರಂತೆ.